ರಾಜನಿಗೆ ಕೇಳಿಸದ ಮಾತು

ಕೋವಿಡ್ ಬಂದು ಹೋದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಯಳಂದೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾಟಕ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ನಾಟಕ ಶಿಕ್ಷಕಿ ಎಂಬ ಹುದ್ದೆ ಸರ್ಕಾರದಲ್ಲಿ ಇದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರು ಅದನ್ನು ಕೆಲಸ ಎಂದು ಒಪ್ಪುವುದಿಲ್ಲ. ಗಣಿತದ ಮೇಷ್ಟ್ರು ರಜೆ ಹಾಕಿದರೆ ಅವರ ತರಗತಿ ನನ್ನ ತಲೆಗೆ, ವಾರ್ಷಿಕೋತ್ಸವ ಬಂದರೆ ಇಡೀ ಶಾಲೆ ನನ್ನ ತಲೆಗೆ. ಮಿಕ್ಕ ದಿನ ಸ್ಟಾಫ್ ರೂಮಿನಲ್ಲಿ, "ನಿಮಗೇನು ಬಿಡಿ ಮೇಡಮ್, ಆಟ ಆಡಿಸಿದರೆ ಸಂಬಳ" ಎಂಬ ಮಾತು. ಇದನ್ನು ಕೇಳಿಸಿಕೊಂಡು ಕೇಳಿಸಿಕೊಂಡು ಕೋಪ ನನ್ನ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿದೆ. ಓದುಗರು ಸ್ವಲ್ಪ ಅನುಸರಿಸಿಕೊಳ್ಳಬೇಕು.

ಪರೀಕ್ಷೆ ಮುಗಿದ ವಾರ ಹೊನ್ನೂರಿನಿಂದ ನಾಲ್ಕೈದು ಜನ ಆಟೊ ಮಾಡಿಕೊಂಡು ಶಾಲೆಗೆ ಬಂದರು. ಅವರೂರಿನಲ್ಲಿ ಬೇಸಿಗೆಗೊಂದು ಪೌರಾಣಿಕ ನಾಟಕ ಆಗಲೇಬೇಕು. ಪ್ರತಿ ವರ್ಷ ಕಲಿಸಲು ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರಿಗೆ ಮಂಡಿ ಆಪರೇಷನ್ ಆಗಿತ್ತು. ಅವರದು ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ, ಡಾಕ್ಟರು ಹತ್ತಿರ ಸುಳಿಯಬೇಡಿ ಅಂದಿದ್ದರಂತೆ. ಬಂದವರ ಮುಂದಾಳು ಗುರುಮಲ್ಲಪ್ಪ. ಐವತ್ತು ದಾಟಿದ ರೈತರು. ಭತ್ತ, ಕಬ್ಬು, ತೆಂಗು ಎಲ್ಲವೂ ಉಂಟು. ಒಳ್ಳೆಯ ಎತ್ತರ, ಅದಕ್ಕೆ ತಕ್ಕ ಗಂಟಲು. ಬಣ್ಣ ಹಚ್ಚಲು ಶುರು ಮಾಡಿದಾಗಿನಿಂದ ರಾಜನ ಪಾತ್ರ ಬಿಟ್ಟು ಇನ್ನೊಂದು ಮಾಡಿದವರಲ್ಲ.

"ನೀವೇ ಕಲ್ಸ್‌ಬೇಕು ಮೇಡಮ್. ಇಲ್ಲಾಂದ್ರೆ ಈ ವರ್ಸ ನಮ್ಮೂರು ಬಾಯ್ ಮುಚ್ಕಂಡು ಕುಂತಿರ್ಬೇಕಾಯ್ತದೆ" ಎಂದರು.

ನಾನು ಎರಡು ಷರತ್ತು ಹಾಕಿದೆ. ಒಂದು, ಪೌರಾಣಿಕ ಬೇಡ. ಅದಕ್ಕೆ ಹಾಡು ಬೇಕು, ನನ್ನ ಕಂಠ ದೇವರಿಗೇ ಪ್ರೀತಿ. ಎರಡು, ನಾಟಕ ಹಗಲಿನಲ್ಲೇ ಮುಗಿಯಬೇಕು. ರಾತ್ರಿಯಿಡೀ ಕೂತು ನೋಡಿ ಬೆಳಗ್ಗೆ ಕಥೆ ಏನೆಂದು ಕೇಳಿದರೆ ಆಕಳಿಸುವ ಪ್ರೇಕ್ಷಕರು ನನಗೆ ಬೇಡವಾಗಿತ್ತು.

"ಅಗಲೊತ್ತು ಬಣ್ಣ ಆಕಂಡು ತಿರುಗುದ್ರೆ ಕೋಳಿಗಳು ಎದ್ರುಕತವೆ ಮೇಡಮ್" ಎಂದು ಗುರುಮಲ್ಲಪ್ಪನವರು ತಲೆ ಕೆರೆದುಕೊಂಡರು. ಆದರೂ ಒಪ್ಪಿದರು.

ನಾನು ಆರಿಸಿದ್ದು ಹಳೆಯ ಕಂಪನಿ ಕಾಲದ ಒಂದು ದುರಂತ ನಾಟಕ. ಕಥೆ ಸರಳ. ಒಬ್ಬ ರಾಜ, ಅವನಿಗೆ ಪ್ರಾಣಕ್ಕೆ ಪ್ರಾಣವಾದ ತಮ್ಮ. ದಂಡನಾಯಕನಿಗೆ ಆ ತಮ್ಮನ ಮೇಲೆ ಹೊಟ್ಟೆಕಿಚ್ಚು. ತಮ್ಮ ಶತ್ರುಗಳ ಜೊತೆ ಸೇರಿದ್ದಾನೆಂದು ರಾಜನ ಕಿವಿ ಊದುತ್ತಾನೆ. ರಾಜ ನಂಬುತ್ತಾನೆ, ತಮ್ಮನಿಗೆ ಮರಣದಂಡನೆ ಕೊಡುತ್ತಾನೆ. ತಮ್ಮ ಸತ್ತ ಮೇಲೆ ನಿಜ ತಿಳಿಯುತ್ತದೆ.

ಈ ನಾಟಕದ ಜೀವ ಇರುವುದು ಸ್ವಗತದಲ್ಲಿ. ಹಳೆಯ ನಾಟಕದ ಪುಸ್ತಕ ತೆರೆದವರಿಗೆ ಗೊತ್ತಿರುತ್ತದೆ: ಮಾತಿಗೆ ಮೊದಲು ಕಂಸದಲ್ಲಿ 'ಸ್ವಗತ' ಎಂದಿದ್ದರೆ ಅದು ಪಾತ್ರ ತನ್ನಲ್ಲೇ ಹೇಳಿಕೊಳ್ಳುವ ಮಾತು. ಪಕ್ಕದಲ್ಲೇ ನಿಂತ ಪಾತ್ರಕ್ಕೆ ಅದು ಕೇಳಿಸುವುದಿಲ್ಲ, ಕೊನೆಯ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತ ಕೂತವನಿಗೆ ಕೇಳಿಸುತ್ತದೆ. 'ಪ್ರಕಾಶ' ಎಂದಿದ್ದರೆ ಅದು ಎದುರಿನವನಿಗೆ ಬಾಯಿಬಿಟ್ಟು ಹೇಳುವ ಮಾತು. ನಾವು ನಾಟಕ ಶಾಲೆಯಲ್ಲಿ ಇಂಥ ಸ್ವಗತಕ್ಕೆ ಅಸೈಡ್ ಎನ್ನುತ್ತಿದ್ದೆವು. ಹಾಸ್ಯ ನಾಟಕದಲ್ಲಿ ಅಸೈಡ್ ನಗಿಸುತ್ತದೆ, ಅಷ್ಟೆ. ದುರಂತ ನಾಟಕದಲ್ಲಿ ಅದು ಮಾಡುವ ಕೆಲಸ ಬೇರೆ. ಗುಟ್ಟನ್ನು ತಂದು ಪ್ರೇಕ್ಷಕರ ಮಡಿಲಿಗೆ ಹಾಕಿಬಿಡುತ್ತದೆ. ಕೂತವರಿಗೆಲ್ಲ ಗೊತ್ತು, ಗೊತ್ತಾಗಬೇಕಾದ ಒಬ್ಬನಿಗೆ ಗೊತ್ತಿಲ್ಲ. ನಮ್ಮ ಸಂಕಟ ಶುರುವಾಗುವುದು ಅಲ್ಲಿಂದ.

ಪುಸ್ತಕದಲ್ಲಿ ಓದಿದ್ದನ್ನು ನನಗೆ ಮೈಗೆ ಹತ್ತುವ ಹಾಗೆ ಕಲಿಸಿದವರು ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯ ಮಕ್ಕಳು. ನನ್ನ ಮೊದಲ ಪೋಸ್ಟಿಂಗ್ ಅಲ್ಲಿ. ತಮಿಳುನಾಡಿನ ಗಡಿ, ಮಕ್ಕಳಿಗೆ ಎರಡು ಭಾಷೆ, ನನಗೆ ಒಂದೇ. ನನಗೆ ಕನ್ನಡದಲ್ಲಿ "ಸರಿ ಮೇಡಮ್" ಅನ್ನುತ್ತಿದ್ದವು, ಅದೇ ಉಸಿರಿನಲ್ಲಿ ಪಕ್ಕದವನಿಗೆ ತಮಿಳಿನಲ್ಲಿ ಏನೋ ಅನ್ನುತ್ತಿದ್ದವು, ಇಡೀ ತರಗತಿ ನಗುತ್ತಿತ್ತು. ಹಟ ಹಿಡಿದು ತಮಿಳು ಕಲಿತೆ. ಆಮೇಲೆ ತಿಳಿಯಿತು, ಅವು ಆಡಿಕೊಳ್ಳುತ್ತಿದ್ದದ್ದು ನಾನು ಸೀರೆ ಉಡುವ ರೀತಿಯನ್ನು. ಕಲಿಯದಿದ್ದರೇ ಸುಖವಾಗಿತ್ತು.

ಹೊನ್ನೂರಿನ ಬಯಲು ರಂಗಮಂದಿರದಲ್ಲಿ ಸಂಜೆ ತಾಲೀಮು ಶುರುವಾಯಿತು. ದಂಡನಾಯಕನ ಪಾತ್ರಕ್ಕೆ ಮಹದೇವಸ್ವಾಮಿ ಎನ್ನುವವರು ಬಂದು ನಿಂತರು. ತೆಂಗಿನಕಾಯಿ ವ್ಯಾಪಾರ, ತೆಳ್ಳನೆಯ ಆಳು, ತಗ್ಗಿದ ದನಿ. ಒಮ್ಮೆಯೂ ಬಣ್ಣ ಹಚ್ಚಿದವರಲ್ಲ. ಅವರು ಬಂದ ಕೂಡಲೇ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಒಳಗೊಳಗೇ ಕುದಿಯುವ ಕೇಡಿಗನಿಗೆ ಇಂಥ ತಗ್ಗಿದ ದನಿಯೇ ಬೇಕು ಎಂದು ಖುಷಿಪಟ್ಟೆ.

ಮೊದಲ ಅಂಕ. ರಾಜ ಯುದ್ಧದ ನಕ್ಷೆ ನೋಡುತ್ತಿದ್ದಾನೆ. ದಂಡನಾಯಕ ಎರಡು ಹೆಜ್ಜೆ ಸರಿದು ಹೇಳಬೇಕು: "ಎಂಥ ಭೋಳೆ ಸ್ವಭಾವ ಈ ಅರಸನದು. ಬೆಲ್ಲ ತೋರಿಸಿದ ಕಡೆಗೆ ಬಾಯಿ ತೆರೆಯುತ್ತಾನೆ." ಮಹದೇವಸ್ವಾಮಿ ಚೆನ್ನಾಗಿಯೇ ಹೇಳಿದರು. ಹೇಳಿ ಮುಗಿಸುವುದರೊಳಗೆ ಗುರುಮಲ್ಲಪ್ಪನವರು ನಕ್ಷೆ ಬಿಟ್ಟು ರಂಗದ ಕಂಬದ ಕಡೆ ತಿರುಗಿದರು. ಕಂಬಕ್ಕೇ ಹೇಳಿದರು: "ಬೆಲ್ಲ ಕಂಡ್ರೆ ಬಾಯ್ ತೆರಿಯೋರು ಯಾರು ಅಂತ ಊರಿಗೇ ಗೊತ್ತದೆ ಕಣಪ್ಪ."

ತಮ್ಮದೇ ಮಾತು ಸೇರಿಸುವ ಚಪಲ ಹಳ್ಳಿ ನಟರಿಗೆ ಇದ್ದದ್ದೇ. ಸರಿ, ಮತ್ತೆ ಮೊದಲಿನಿಂದ ಅಂದೆ. ಮತ್ತೆ ಹಾಗೇ ಆಯಿತು. ಮುಂದಿನ ಅಂಕದಲ್ಲೂ ಅದೇ ಕಥೆ. ದಂಡನಾಯಕ ಸ್ವಗತಕ್ಕೆ ಬಾಯಿ ತೆರೆದರೆ ಸಾಕು, ರಾಜ ಕಂಬಕ್ಕೆ ಉತ್ತರ ಹೇಳುತ್ತಿದ್ದ. ನಾನು ರೇಗಿದೆ.

"ಅದು ನಿಮಗೆ ಕೇಳಿಸುವ ಹಾಗಿಲ್ಲ, ಗುರುಮಲ್ಲಪ್ಪನವರೇ."

"ಮಾರುದ್ದದಲ್ಲಿ ನಿಂತ್ಕಂಡು ಏಳ್ತಾ ಅವ್ನೆ. ನನ್ಗಲ್ದೆ ಇನ್ಯಾರ್ಗೆ ಮೇಡಮ್?"

"ಕೂತ ಜನಕ್ಕೆ."

"ಜನಕ್ಕೆ ಏಳೋದಾಗಿದ್ರೆ ಜನದ್ ತಾವ್ಕೆ ಓಗಿ ಏಳ್ಬೌದಿತ್ತಲ್ಲ. ನನ್ ಮಗ್ಗುಲಲ್ಲಿ ನಿಂತ್ಕಂಡು ಯಾಕ್ ಏಳಾನು?"

ಅಷ್ಟು ಹೊತ್ತೂ ಮಹದೇವಸ್ವಾಮಿ ಚಪ್ಪಲಿಯ ಉಂಗುಟ ನೋಡುತ್ತ ನಿಂತಿದ್ದರು.

ವಿಷಯ ತಿಳಿದದ್ದು ಮರುದಿನ. ಮಹದೇವಸ್ವಾಮಿಯವರ ಹೆಂಡತಿ ಪುಟ್ಟಮ್ಮಣ್ಣಿ ಒಂದು ಚೀಲ ನುಗ್ಗೆಕಾಯಿ ಹಿಡಿದುಕೊಂಡು ತಾಲೀಮಿಗೆ ಮುಂಚೆಯೇ ಬಂದಳು. ನುಗ್ಗೆಕಾಯಿ ನೆಪ. ರಂಗದ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು. ರಾಜ ಗುರುಮಲ್ಲಪ್ಪ ಅವಳ ಸ್ವಂತ ಅಣ್ಣ. ಅಣ್ಣನೂ ಗಂಡನೂ ಮಾತು ಬಿಟ್ಟು ಎಂಟು ವರ್ಷ. ಕಾರಣ ಕೇಳಿದರೆ ನಗು ಬರುತ್ತದೆ. ಮಹದೇವಸ್ವಾಮಿ ಹೊಸ ಮನೆ ಕಟ್ಟಿಸಿ ಒಕ್ಕಲು ಮಾಡಿದ ದಿನ, ಬಂದವರೆದುರಿಗೆ ಗುರುಮಲ್ಲಪ್ಪ ಅಡುಗೆಮನೆ ಇಣುಕಿ ನೋಡಿ, "ಇದ್ರೊಳಗೆ ಬೆಕ್ಕು ಒಕ್ರೆ ಇಂದಕ್ಕೆ ತಿರುಗಿ ಬರಾಕಾಗಕಿಲ್ಲ" ಅಂದರಂತೆ. ಗಂಡ ಅಣ್ಣನಿಗೆ ಕೊಡಬೇಕಿದ್ದ ಎಲೆ ಅಡಿಕೆ ತಟ್ಟೆ ಎತ್ತಿ ಒಳಗಿಟ್ಟರಂತೆ. ಅಂದಿಗೆ ನಿಂತ ಮಾತು ನಿಂತೇ ಹೋಯಿತು.

ಆದರೆ ಅಕ್ಕಪಕ್ಕದ ಗದ್ದೆ, ಒಂದೇ ಕಾಲುವೆ. ಮಾತಿಲ್ಲದೆ ಬದುಕು ಸಾಗುವುದಿಲ್ಲ. ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದರು. ಮಹದೇವಸ್ವಾಮಿ ತನ್ನ ಎತ್ತಿಗೆ ಹೇಳುವರು: "ನಾಳೀಕೆ ಕಾಲ್ವೆ ನೀರು ಬತ್ತದಂತೆ ಕಣೋ ಬಸ್ವ." ಬದುವಿನಾಚೆ ಗುರುಮಲ್ಲಪ್ಪ ಕೇಳಿಸಿಕೊಂಡು ಗದ್ದೆಗೆ ನೀರು ಬಿಡುವ ಮಡೆ ತೆರೆಯುವರು. ಗುರುಮಲ್ಲಪ್ಪ ಹಾಲಿನ ಡೈರಿಯ ಗೋಡೆಗೆ ಹೇಳುವರು: "ತೆಂಗಿನ್ ಮರಕ್ಕೆ ಉಳ ಬಿದ್ದದೆ, ನೋಡ್ಕಳೋರು ನೋಡ್ಕಂಡ್ರೆ ವಾಸಿ." ಮಹದೇವಸ್ವಾಮಿ ಮರ ಹತ್ತಿಸಿ ನೋಡಿಸುವರು. ಮನೆಯೊಳಗಿನ ಮಾತುಗಳಿಗೆ ಪುಟ್ಟಮ್ಮಣ್ಣಿಯೇ ಅಂಚೆ. ಅತ್ತೆ ಮಗಳನ್ನು ಬೈದು ಸೊಸೆಗೆ ಮುಟ್ಟಿಸುತ್ತಾಳೆ ಅನ್ನುತ್ತಾರಲ್ಲ, ಆ ವಿದ್ಯೆಯಲ್ಲಿ ಇಬ್ಬರೂ ಪಂಡಿತರಾಗಿಬಿಟ್ಟಿದ್ದರು.

ನನಗೆ ಕಣ್ಣು ಬಿಟ್ಟಂತಾಯಿತು. ರಂಗದ ಮೇಲಿನ ಸ್ವಗತ ಎಲ್ಲರಿಗೂ ಕೇಳಿಸಬೇಕು, ಪಕ್ಕದವನೊಬ್ಬನಿಗೆ ಕೇಳಿಸಬಾರದು. ಈ ಊರಿನ ಸ್ವಗತ ಬೇರೆ ಯಾರಿಗೂ ಹೇಳಿದ್ದಲ್ಲ, ಪಕ್ಕದವನೊಬ್ಬನಿಗೇ ಹೇಳಿದ್ದು. ನಾನು ಹೇಳಿಕೊಡುತ್ತಿದ್ದದ್ದು ಅವರು ಎಂಟು ವರ್ಷ ಸಾಧನೆ ಮಾಡಿದ್ದಕ್ಕೆ ತದ್ವಿರುದ್ಧ. ಪಾಪ ಗುರುಮಲ್ಲಪ್ಪ, ಭಾವಮೈದುನ ತನ್ನ ಪಕ್ಕದಲ್ಲಿ ನಿಂತು ಗಾಳಿಗೆ ಏನಾದರೂ ಹೇಳಿದರೆ ಅದು ತನಗೇ ಎಂದು ಹೇಗೆ ತಿಳಿಯದೆ ಇದ್ದಾರು?

ಪುಟ್ಟಮ್ಮಣ್ಣಿಗೆ ನನ್ನ ನಾಟಕಶಾಸ್ತ್ರ ಬೇಕಿರಲಿಲ್ಲ. ಅವಳ ಚಿಂತೆ ಬೇರೆ. ಮಗಳು ರಶ್ಮಿಯ ಮದುವೆ ಗೊತ್ತಾಗಿತ್ತು, ನಾಟಕವಾದ ಎರಡು ವಾರಕ್ಕೆ. ಹೆಣ್ಣನ್ನು ಕೈಹಿಡಿದು ಚಪ್ಪರಕ್ಕೆ ಕರೆತರಬೇಕಾದವನು ಸೋದರಮಾವ. ಸೋದರಮಾವನನ್ನು ಹೆಣ್ಣಿನ ತಂದೆಯೇ ಬಾಯಿಬಿಟ್ಟು ಕರೆಯಬೇಕು. ಬೇರೆಯವರು ಕೊಟ್ಟ ಕಾರ್ಡು ಕರೆಯಲ್ಲ.

"ನಾನೇ ಕಾರ್ಡ್ ತಕಂಡು ಓಯ್ತೀನಿ ಅಂದ್ರೆ ನಮ್ಮಣ್ಣ, ಕರಿಬೇಕಾದೋರು ಕರುದ್ರೆ ಬತ್ತೀನಿ ಅಂತವ್ನೆ. ಇವ್ರು, ಆ ಒಸ್ಲು ತುಳಿಯಾಕಿಲ್ಲ ಅಂತವ್ರೆ. ಮಗ್ಳು ನೋಡುದ್ರೆ, ಮಾವ ಕೈ ಇಡೀದೆ ಇದ್ರೆ ಕ್ವಾಣೆಯಿಂದ ಏಳಾಕಿಲ್ಲ ಅಂತದೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಬಣ್ಣ ಅಚ್ಕಂಡು ಆಡೋ ಮಾತು ಲೆಕ್ಕಕ್ಕಿಲ್ಲ ಅಂತಾರಲ್ಲ ಮೇಡಮ್. ಅಂಗಾದ್ರೂ ಎದ್ರಾ ಬದ್ರಾ ನಿಂತ್ಕಳ್ಳಿ ಅಂತ ನಾನೇ ಇವ್ರನ್ನ ನಿಮ್ ನಾಟ್ಕಕ್ಕೆ ನೂಕ್ದೆ."

ನಾನು ಬಂದಿರುವುದು ನಾಟಕ ಕಲಿಸಲು, ಪಂಚಾಯ್ತಿಗಲ್ಲ ಎಂದು ನಾಲಗೆ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಕಣ್ಣೂ ಒದ್ದೆಯಾಯಿತು. ನೋಡೋಣ ಅಂದೆ. ನೋಡುವುದಕ್ಕೆ ನನ್ನ ಹತ್ತಿರ ಇದ್ದದ್ದು ನಾಟಕ ಒಂದೇ.

ಮೊದಲು ರಾಜನನ್ನು ಕಿವುಡ ಮಾಡಬೇಕಿತ್ತು. ಹಳೆಯ ಪದ್ಧತಿಯಲ್ಲಿ ಇಂಥ ಮಾತಿಗೆ ಒಂದು ಕೈಮುದ್ರೆ ಇದೆ: ಉಂಗುರದ ಬೆರಳು ಮಡಿಸಿ, ಮಿಕ್ಕ ಬೆರಳು ನೆಟ್ಟಗೆ ಮಾಡಿ ಮುಖದ ಪಕ್ಕ ಮರೆಯಾಗಿ ಹಿಡಿಯುವುದು. ತ್ರಿಪತಾಕ ಹಸ್ತ. ಮಹದೇವಸ್ವಾಮಿ ಕೈ ಎತ್ತಿದರೆ ಮುಳ್ಳೂರು ಬಸ್ಸಿಗೆ ಅಡ್ಡ ನಿಂತ ಹಾಗೆ ಕಾಣುತ್ತಿತ್ತು. ಕೈಬಿಟ್ಟೆ. ಪೇಟೆಯ ರಂಗಮಂದಿರಗಳಲ್ಲಿ ಸ್ವಗತ ಬಂದಾಗ ಲೈಟನ್ನು ಆ ಒಬ್ಬ ನಟನ ಮೇಲೆ ಬಿಟ್ಟು ಉಳಿದವರನ್ನು ಕತ್ತಲಿಗೆ ತಳ್ಳುತ್ತಾರೆ. ನಮ್ಮದು ಹಗಲು ನಾಟಕ, ಸೂರ್ಯನನ್ನು ಆರಿಸಲಾಗುವುದಿಲ್ಲ. ಷರತ್ತು ನನ್ನದೇ ಆದ್ದರಿಂದ ಯಾರನ್ನೂ ಬೈಯುವ ಹಾಗೂ ಇರಲಿಲ್ಲ.

ಕೊನೆಗೆ ಮೈಕಿನ ಮೊರೆ ಹೋದೆ. ಹಳ್ಳಿ ರಂಗದಲ್ಲಿ ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟಿರುತ್ತಾರೆ, ನಟರು ಅದರ ಕೆಳಗೆ ಬಂದು ಮಾತಾಡುತ್ತಾರೆ. ನಾನು ರಂಗದ ಎಡತುದಿಯಲ್ಲಿ ನೆಲಕ್ಕೊಂದು ಸ್ಟ್ಯಾಂಡ್ ಮೈಕು ಇಡಿಸಿದೆ. ಸ್ವಗತ ಬಂದಾಗ ದಂಡನಾಯಕ ಅಲ್ಲಿಗೆ ನಡೆದು ಹೋಗಿ, ರಾಜನಿಗೆ ಬೆನ್ನು ಕೊಟ್ಟು, ಜನಕ್ಕೆ ಹೇಳಬೇಕು. ಊರಿನವರು ಅದಕ್ಕೆ ಸ್ವಗತದ ಮೈಕು ಎಂದೇ ಹೆಸರಿಟ್ಟರು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಗುರುಮಲ್ಲಪ್ಪನವರು ಕೇಳಿದರು. ನಕ್ಷೆ ನೋಡುತ್ತ ಮನಸ್ಸಿನಲ್ಲೇ ನಿಮ್ಮ ತೋಟದ ತೆಂಗಿನ ಮರ ಎಣಿಸಿ, ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ ಅಂದೆ. ಉಪಾಯ ಫಲಿಸಿತು. ಎಷ್ಟು ಫಲಿಸಿತೆಂದರೆ ದಂಡನಾಯಕ ವಾಪಸ್ಸು ಬಂದು "ಪ್ರಭು" ಅಂದರೂ ರಾಜ ತಲೆ ಎತ್ತುತ್ತಿರಲಿಲ್ಲ.

"ಯಾಕೆ ಸುಮ್ಮನಿದ್ದೀರಿ?" ಎಂದರೆ, "ಇನ್ನೂ ನಾಕ್ ಸಾಲು ಬಾಕಿ ಅವೆ ಮೇಡಮ್" ಎಂದರು.

ನಾಟಕದ ಗಂಟು ಇರುವುದು ಮೂರನೆಯ ಅಂಕದಲ್ಲಿ. ಮರಣದಂಡನೆಗೆ ಮುದ್ರೆ ಒತ್ತುವ ಮೊದಲು ರಾಜ ದಂಡನಾಯಕನನ್ನು ಕೇಳುತ್ತಾನೆ: "ನಿನಗೆ ತಿಳಿದದ್ದು ಇನ್ನೇನಾದರೂ ಇದೆಯೇ?" ದಂಡನಾಯಕ ಸರಿದು ಹೋಗಿ ಸ್ವಗತದಲ್ಲಿ ಹೇಳುತ್ತಾನೆ: "ಇದೆ. ಒಂದೇ ಮಾತು. ಆಡಿದರೆ ಯುವರಾಜ ಉಳಿಯುತ್ತಾನೆ. ಆದರೆ ನನ್ನ ನಾಲಗೆ ಏಳದು." ತಿರುಗಿ ಬಂದು ಪ್ರಕಾಶವಾಗಿ ಹೇಳುತ್ತಾನೆ: "ಇಲ್ಲ, ಪ್ರಭು." ರಾಜ ಮುದ್ರೆ ಒತ್ತುತ್ತಾನೆ.

ಈ ದೃಶ್ಯ ಬಂದ ದಿನ ಗುರುಮಲ್ಲಪ್ಪನವರು ಮುದ್ರೆ ಕೆಳಗಿಟ್ಟು ನನ್ನ ಹತ್ತಿರ ಬಂದರು. "ಅಲ್ಲ ಮೇಡಮ್, ಊರಿಗೆಲ್ಲಾ ಇದೆ ಅಂತ ಏಳಿ, ನನ್ ತಾವ್ಕೆ ಬಂದು ಇಲ್ಲ ಅಂತನಲ್ಲ. ಒಂದೆಜ್ಜೆ ಈಕಡೀಕೆ ತಿರುಗಿ ಅದ್ನೇ ಏಳಿದ್ರೆ ನನ್ ತಮ್ಮ ಉಳ್ಕತಿದ್ನಲ್ಲ?"

"ಹೌದು. ಹೇಳಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಹೇಳುವುದಿಲ್ಲ, ಅದಕ್ಕೇ ಇದು ದುರಂತ."

ಅವರು ಗಲ್ಲ ಸವರಿಕೊಂಡು ನಿಂತರು. ಮಹದೇವಸ್ವಾಮಿ ಮೈಕಿನ ವೈರು ಬಿಡಿಸುವವರ ಹಾಗೆ ಬಗ್ಗಿಕೊಂಡಿದ್ದರು. ವೈರಿಗೆ ಗಂಟೇನೂ ಬಿದ್ದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾಟಕ ಇಟ್ಟುಕೊಂಡೆವು. ಕೊಳ್ಳೇಗಾಲದಲ್ಲಿ ನಾನಿರುವ ಬೀದಿಯ ಮಗ್ಗದ ಮನೆಯವರು ಅಂಚು ಹಾಳಾಗಿ ಉಳಿದಿದ್ದ ಎರಡು ರೇಷ್ಮೆ ಸೀರೆ ಕೊಟ್ಟಿದ್ದರು. ರಾಜನ ಉತ್ತರೀಯಕ್ಕೂ ಸಿಂಹಾಸನಕ್ಕೂ ಅದೇ ಆಯಿತು. ಬಿಸಿಲಿನಲ್ಲಿ ಬಣ್ಣ ಹಚ್ಚಿದ ಮುಖಗಳು ನಿಜಕ್ಕೂ ಭಯಂಕರವಾಗಿ ಕಾಣುತ್ತಿದ್ದವು, ಕೋಳಿಗಳ ವಿಷಯ ಗುರುಮಲ್ಲಪ್ಪ ಸುಳ್ಳು ಹೇಳಿರಲಿಲ್ಲ. ಯಳಂದೂರಿನಿಂದಲೂ ಜನ ಬಂದರು. ಪುಟ್ಟಮ್ಮಣ್ಣಿ ಮಗಳ ಜೊತೆ ಮುಂದಿನ ಸಾಲಿನಲ್ಲೇ ಕೂತಿದ್ದಳು.

ನಾಟಕ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಹೋಯಿತು. ದಂಡನಾಯಕ ಸ್ವಗತದ ಮೈಕಿನ ಕಡೆ ಹೆಜ್ಜೆ ಹಾಕಿದರೆ ಸಾಕು, ಜನ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸುತ್ತಿದ್ದರು. ರಾಜ ನಕ್ಷೆಯಿಂದ ಕಣ್ಣು ಕೀಳಲಿಲ್ಲ. ನಾನು ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು, ಇಷ್ಟು ವರ್ಷದಲ್ಲಿ ಒಬ್ಬ ನಟನಿಗಾದರೂ ಕೇಳಿಸದಿರುವುದನ್ನು ಕಲಿಸಿದೆನಲ್ಲ ಎಂದು ಬೀಗುತ್ತಿದ್ದೆ.

ಮೂರನೆಯ ಅಂಕ ಬಂತು. "ನಿನಗೆ ತಿಳಿದದ್ದು ಇನ್ನೇನಾದರೂ ಇದೆಯೇ?" ಎಂದು ರಾಜ ಕೇಳಿದ. ಮಹದೇವಸ್ವಾಮಿ ಎಡತುದಿಗೆ ನಡೆದರು. "ಇದೆ. ಒಂದೇ ಮಾತು. ಆಡಿದರೆ ಯುವರಾಜ ಉಳಿಯುತ್ತಾನೆ. ಆದರೆ ನನ್ನ ನಾಲಗೆ ಏಳದು." ಇಲ್ಲಿಗೆ ಮುಗಿಯಬೇಕು. ಅವರು ಅಲ್ಲೇ ನಿಂತರು. ಮೈಕನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ನಾಟಕದ ಕನ್ನಡ ಬಿಟ್ಟು ಮನೆಯ ಕನ್ನಡದಲ್ಲಿ, ಜನದ ಕಡೆ ನೋಡುತ್ತ ಹೇಳಿದರು: "ಮಗಳ ಮದ್ವೆ ಅದೆ. ಸೋದರ್ಮಾವ ಬಂದು ಕೈ ಇಡೀಬೇಕು ಅಂತ ನನ್ಗೂ ಆಸೆ ಅದೆ."

ನಾಲ್ಕು ದಿಕ್ಕಿನ ಸ್ಪೀಕರುಗಳಲ್ಲಿ ಈ ಮಾತು ಹೋಯಿತು. ಪುಟ್ಟಮ್ಮಣ್ಣಿ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲರ ಕಣ್ಣೂ ರಾಜನ ಮೇಲೆ.

ರಾಜ ನಕ್ಷೆ ನೋಡುತ್ತಿದ್ದ.

ಕಲಿಸಿದ್ದು ಹೆಚ್ಚಾಯಿತಲ್ಲ, ಈ ಮನುಷ್ಯ ನಿಜವಾಗಿಯೂ ಮರ ಎಣಿಸುತ್ತಿದ್ದಾನಲ್ಲ ಅಂದುಕೊಂಡೆ. ಮಹದೇವಸ್ವಾಮಿ ತಿರುಗಿ ಬಂದು ರಾಜನ ಎದುರು ನಿಂತರು. ಗುರುಮಲ್ಲಪ್ಪನವರು ಆಗ ತಲೆ ಎತ್ತಿದರು. ಎತ್ತಿ, ಪುಸ್ತಕದಲ್ಲಿ ಇಲ್ಲದ್ದೊಂದು ಮಾಡಿದರು. ಕೇಳಿದ್ದ ಪ್ರಶ್ನೆಯನ್ನೇ ಇನ್ನೊಂದು ಸಲ, ನಿಧಾನವಾಗಿ ಕೇಳಿದರು: "ನಿನಗೆ ತಿಳಿದದ್ದು ಇನ್ನೇನಾದರೂ ಇದೆಯೇ?"

ಆಗ ನನಗೆ ಅರ್ಥವಾಯಿತು. ಅವರು ಮರ ಎಣಿಸುತ್ತಿರಲಿಲ್ಲ. ಎಲ್ಲ ಕೇಳಿಸಿತ್ತು.

ಮಹದೇವಸ್ವಾಮಿ ಸ್ವಗತದ ಮೈಕಿನ ಕಡೆ ಒಮ್ಮೆ ತಿರುಗಿ ನೋಡಿದರು. ಹಿಂದಿನಿಂದ ಯಾರೋ "ಏಳ್ಬುಡ್ಲಾ" ಎಂದರು. ಇನ್ಯಾರೋ ಅವರನ್ನು ಗದರಿದರು. ಎದುರಿಗೆ ಭಾವ, ಸುತ್ತ ಇಡೀ ಊರು. ಬಾಯಿ ತೆರೆದರು. ಬಂದದ್ದು ಬಾಯಿಪಾಠದ ಮಾತು.

"ಇಲ್ಲ, ಪ್ರಭು."

ಜನರೆಲ್ಲ ಒಟ್ಟಿಗೆ ಅಯ್ಯೋ ಅಂದರು. ಯುವರಾಜನಿಗಾಗಿ ಅಂದರೋ ರಶ್ಮಿಗಾಗಿ ಅಂದರೋ ಹೇಳಲಾರೆ. ಗುರುಮಲ್ಲಪ್ಪನವರು ಮುದ್ರೆ ಒತ್ತಿದರು. ಕೊನೆಯ ಅಂಕದಲ್ಲಿ ತಮ್ಮನ ಹೆಣದ ಮೇಲೆ ಬಿದ್ದು ರಾಜ ಅಳಬೇಕು. ತಾಲೀಮಿನಲ್ಲಿ ಎಂದೂ ಅಳು ಬಾರದೆ ಕೆಮ್ಮಿಬಿಡುತ್ತಿದ್ದವರು ಅವತ್ತು ಬಿಕ್ಕಿ ಬಿಕ್ಕಿ ಅತ್ತರು. ಹೆಣವಾಗಿ ಮಲಗಿದ್ದ ಆಟೊ ನಾಗೇಶನೂ ಕಣ್ಣೊರೆಸಿಕೊಂಡ. ಅದಕ್ಕೆ ನಾನು ಆಮೇಲೆ ಬೈದೆ.

ರಂಗದ ಪಕ್ಕದ ಅಂಗನವಾಡಿ ಕೋಣೆ ನಮ್ಮ ಬಣ್ಣದ ಮನೆ. ಪರದೆ ಬಿದ್ದ ಮೇಲೆ ಇಬ್ಬರೂ ಅಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ಬಾಗಿಲ ತುಂಬ ಜನ. ಅವರನ್ನು ಸರಿಸಿಕೊಂಡು ಪುಟ್ಟಮ್ಮಣ್ಣಿ ಒಳಗೆ ಬಂದಳು.

"ಅಣ್ಣ, ಇವ್ರು ಅಂದಿದ್ದು ಕೇಳುಸ್ತಾ?"

ಗುರುಮಲ್ಲಪ್ಪನವರು ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು: "ಸ್ವಗತ ರಾಜಂಗೆ ಕೇಳುಸ್ಬಾರ್ದು ಅಂತ ಮೇಡಮ್ಮು ತಿಂಗ್ಳಿಂದ ಬಡ್ಕಂಡವ್ರೆ. ನನ್ಗೇನೂ ಕೇಳುಸ್ನಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಪಾಠವನ್ನೇ ಗುರಾಣಿ ಮಾಡಿಕೊಂಡು ಕೂತಿದ್ದರು ಆ ಮನುಷ್ಯ. ಕೇಳಿಸಿತ್ತು, ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸುಳ್ಳು ಎನ್ನಬಹುದಿತ್ತು, ಅನ್ನಲಿಲ್ಲ. ಎಂಟು ವರ್ಷ ಎತ್ತಿನ ಮೂಲಕ, ಗೋಡೆಯ ಮೂಲಕ ಬಂದ ಮಾತಿನಿಂದ ಆ ಮನುಷ್ಯನಿಗೆ ಸಾಕಾಗಿದೆ, ಈಗ ಮೈಕಿನ ಮೂಲಕ ಬಂದದ್ದೂ ಬೇಡವಾಗಿದೆ ಎಂದು ನನಗೆ ಕಂಡಿತು.

"ಹೌದು, ರಾಜನಿಗೆ ಕೇಳಿಸುವ ಹಾಗಿಲ್ಲ" ಅಂದೆ.

ಪುಟ್ಟಮ್ಮಣ್ಣಿ ಒಮ್ಮೆ ಅಣ್ಣನನ್ನು, ಒಮ್ಮೆ ಗಂಡನನ್ನು ನೋಡಿದಳು. ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಕುಳಿತುಬಿಟ್ಟಳು. "ಇನ್ನು ನಾನು ಯಾರ್ ಮಾತ್ನೂ ಒತ್ಕಂಡು ಓಗಕಿಲ್ಲ. ನನ್ ಕುತ್ಗೆ ನೋಯ್ತದೆ" ಎಂದಳು. ದನಿಯಲ್ಲಿ ಕೋಪವೂ ಇರಲಿಲ್ಲ, ಅಳುವೂ ಇರಲಿಲ್ಲ.

ಮಹದೇವಸ್ವಾಮಿ ಎದ್ದರು. ಅಂಟಿಸಿದ ಮೀಸೆ ಒಂದು ಕಡೆ ಕಿತ್ತು ಬಂದು ಇನ್ನೊಂದು ಕಡೆ ನೇತಾಡುತ್ತಿತ್ತು. ನಗಬೇಕಾದ ಮುಖ, ಯಾರೂ ನಗಲಿಲ್ಲ. ಹೋಗಿ ಗುರುಮಲ್ಲಪ್ಪನವರಿಗೂ ಕನ್ನಡಿಗೂ ನಡುವೆ ನಿಂತರು.

"ಭಾವ."

ನೇತಾಡುತ್ತಿದ್ದ ಮೀಸೆಯನ್ನು ಕಿತ್ತು ಕೆಳಗೆ ಹಾಕಿದರು.

"ಮಗಳ ಮದ್ವೆಗೆ ನೀವ್ ಬರ್ಬೇಕು ಭಾವ. ನಾನ್ ಕರಿತಾ ಇವ್ನಿ."

ಗುರುಮಲ್ಲಪ್ಪನವರು ಅರ್ಧ ಬಣ್ಣದ ಮುಖ ಎತ್ತಿ ಅವರನ್ನೇ ನೋಡಿದರು. ಎಣ್ಣೆ ಹಚ್ಚಿದ ಕೈಯಲ್ಲೇ ಭಾವಮೈದುನನ ಕೈ ಹಿಡಿದುಕೊಂಡರು.

"ಈಗ ಕೇಳುಸ್ತು ಕಣಪ್ಪ" ಎಂದರು.

ಮದುವೆ ಕೊಳ್ಳೇಗಾಲದ ಛತ್ರದಲ್ಲಿ ಆಯಿತು. ನಾನೂ ಹೋಗಿದ್ದೆ. ಗುರುಮಲ್ಲಪ್ಪನವರು ಸೋದರಸೊಸೆಯ ಕೈ ಹಿಡಿದು, ಇಪ್ಪತ್ತು ನಾಟಕದ ರಾಜಗಾಂಭೀರ್ಯವನ್ನೆಲ್ಲ ಒಟ್ಟಿಗೆ ಸುರಿದು ನಡೆದು ಬಂದರು. ಹುಡುಗಿಗಿಂತ ಅವರದೇ ಫೋಟೊ ಹೆಚ್ಚು ಬಂದಿರಬೇಕು. ಊಟದ ಹೊತ್ತಿಗೆ ಭಾವ ಭಾವಮೈದುನರು ಪಾಯಸಕ್ಕೆ ಬೆಲ್ಲ ಕಮ್ಮಿಯಾಯಿತೋ ಇಲ್ಲವೋ ಎಂದು ಎಲ್ಲರೆದುರು ಮುಖಕ್ಕೆ ಮುಖ ಕೊಟ್ಟು ಜಗಳವಾಡುತ್ತಿದ್ದರು. ಪುಟ್ಟಮ್ಮಣ್ಣಿ ಬಡಿಸುತ್ತ, "ಇವ್ರಿಬ್ರೂ ಮಾತ್ ಬಿಟ್ಟಿದ್ದಾಗ ಎಷ್ಟ್ ನೆಮ್ಮದಿಯಾಗಿತ್ತು" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ನಕ್ಕಳು.

ಈಗ ನಿವೃತ್ತಳಾಗಿದ್ದೇನೆ. ಆದರೂ ಬೇಸಿಗೆ ಶಿಬಿರಗಳಿಗೆ ಕರೆಯುತ್ತಾರೆ, ಹೋಗುತ್ತೇನೆ. ದುರಂತ ನಾಟಕದ ಸ್ವಗತ ಎಂದರೆ ಕೇಳಬೇಕಾದವನ ಕಡೆಗೆ ಬೆನ್ನು ಹಾಕಿ ನಿಂತ ನಿಜ. ಹೊನ್ನೂರಿನ ಆ ನಾಟಕ ನನಗೆ ಕಲಿಸಿದ್ದು ಇಷ್ಟು. ಅದನ್ನು ಬಾಯಲ್ಲಿ ಹೇಳಿದರೆ ಹುಡುಗರು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಆದ್ದರಿಂದ ಈಗ ಬೇರೆ ರೀತಿ ಮಾಡಿಸುತ್ತೇನೆ. ಸ್ವಗತದ ಮಾತನ್ನು ಮೊದಲು ಎದುರಿನವನ ಕಣ್ಣು ನೋಡಿಕೊಂಡು ಅವನಿಗೇ ಹೇಳಿ, ಆಮೇಲೆ ತಿರುಗಿ ಜನಕ್ಕೆ ಹೇಳಿ ಅನ್ನುತ್ತೇನೆ. ಜನಕ್ಕೆ ಹೇಳುವುದು ಎಲ್ಲರಿಗೂ ಸಲೀಸು. ಮೊದಲನೆಯದು ಬಂದಾಗ ಎಂಥ ವಾಚಾಳಿಯೂ ಒಂದು ಕ್ಷಣ ನಿಲ್ಲುತ್ತಾನೆ. ನಾನು ಅವಸರ ಮಾಡುವುದಿಲ್ಲ, ಕಾಯುತ್ತೇನೆ.